ಬಲಗಡೆಯ ಕಾಲಂ

ನನ್ನ ಎಂ.ಎ. ಪ್ರಬಂಧದಲ್ಲಿ ಒಂದು ಕೋಷ್ಟಕ ಇತ್ತು. ಪ್ರಜಾಪ್ರಭುತ್ವ, ಮಾನವ ಹಕ್ಕು, ಸಾರ್ವಭೌಮತ್ವ, ಸಹಕಾರ – ದೇಶದೇಶಗಳ ಜಂಟಿ ಹೇಳಿಕೆಗಳಲ್ಲಿ ಬರುವ ಶಬ್ದಗಳು. ಎಡಗಡೆ ಪಾಶ್ಚಾತ್ಯರ ಅರ್ಥ, ಬಲಗಡೆ ಚೀನಾದ ಅರ್ಥ. ನನಗೆ ಅದರ ಬಗ್ಗೆ ಬಹಳ ಹೆಮ್ಮೆ. ಮೂಡುಬಿದಿರೆಯ ಕಾಲೇಜಿನಲ್ಲಿ ನನ್ನ ಗೈಡ್ ಸರ್ ಅದನ್ನು ಓದಿ ಕನ್ನಡಕ ತೆಗೆದರು.

"ಬಲಗಡೆಯದ್ದು ಯಾರು ಹೇಳಿದ್ದು?"

"ಚೀನಾದವರು ಸರ್."

"ಅಡಿಟಿಪ್ಪಣಿ ನೋಡು. ಎಲ್ಲ ಅಮೆರಿಕ, ಇಂಗ್ಲೆಂಡಿನ ಪುಸ್ತಕ. ಹುಡುಗಿ ಹೇಗೆ ಅಂತ ನೆರೆಮನೆಯಲ್ಲಿ ಮಾತ್ರ ಕೇಳಿ ಬಂದ ಹಾಗಾಯ್ತು. ಆ ಮನೆಗೂ ಒಮ್ಮೆ ಹೋಗ್ಬೇಕಲ್ಲ ಮಾರಾಯ್ತಿ?"

ಪ್ರಬಂಧ ಒಪ್ಪಿಸಲು ಎಂಟು ದಿನ ಉಳಿದಿತ್ತು. ತಪ್ಪಿದರೆ ಒಂದು ವರ್ಷ ಹೋಯಿತು. ಇನ್ನೊಂದು ವರ್ಷ ಓದಿಸುವ ಶಕ್ತಿ ಬೀಡಿ ಕಟ್ಟುವ ಅಮ್ಮನ ಬೆರಳುಗಳಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲು ದಾಟಿದವರಲ್ಲ.

ಚೀನಾ ಸರ್ಕಾರವೇ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕಡತಗಳ ಹೆಸರನ್ನು ಸರ್ ಚೀಟಿಯಲ್ಲಿ ಬರೆದುಕೊಟ್ಟರು. ಅವನ್ನು ಪ್ರಿಂಟ್ ತೆಗೆಸಲು ಮಡಂತ್ಯಾರಿನ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಕಾಕ ಗಲ್ಫಿನಲ್ಲಿ ಬಹಳ ವರ್ಷ ಚೀನಾದ ಒಂದು ಕಟ್ಟಡ ಕಂಪನಿಯ ಸೈಟ್ ಆಫೀಸಿನಲ್ಲಿದ್ದವರು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಿಸಿ ಹಾಳೆಯನ್ನು ಕೈಯಲ್ಲೇ ಹಿಡಿದು ಕಾಕ ಓದಿದರು. "ಸಹಕಾರ. ಈ ಶಬ್ದಕ್ಕೆ ನಮ್ಮ ಸೈಟಿನಲ್ಲಿ ವಾರಕ್ಕೊಂದು ಜಗಳ."

"ಯಾರಿಗೆ ಯಾರಿಗೆ?"

"ಕಟ್ಟುವವರು ಚೀನಾದವರು, ಪರಿಶೀಲಿಸುವವರು ಬಿಳಿಯರು. ಒಪ್ಪಂದಕ್ಕೆ ಸಹಿ ಬಿದ್ರೆ ಬಿಳಿಯರಿಗೆ ಮಾತು ಮುಗೀತು, ಚೀನಾದವರಿಗೆ ಆಗ ಸುರು. ಆಮೇಲೆ ಬಿಳಿಯರು ಚೀನಾದವರನ್ನು ಸುಳ್ಳರು ಅನ್ನುವುದು, ಚೀನಾದವರು ಬಿಳಿಯರನ್ನು ಕಲ್ಲು ಅನ್ನುವುದು."

"ಸುಳ್ಳು ಯಾರದ್ದು ಕಾಕ?"

"ಕೆಲವು ಸಲ ಇಬ್ಬರದ್ದೂ. ಎಲ್ಲ ಸಲ ಅಲ್ಲ. ಅದನ್ನು ಗೊತ್ತು ಮಾಡ್ಲಿಕ್ಕೆ ಅಲ್ವಾ ನೀನು ಓದುವುದು? ಹೋಗು, ಅಲ್ಲಿ ಕೂತ್ಕೋ."

ಲ್ಯಾಮಿನೇಶನ್ ಯಂತ್ರದ ಪಕ್ಕದ ಮೇಜನ್ನು ಖಾಲಿ ಮಾಡಿಕೊಟ್ಟರು. ಅಂಗಡಿ ತೆರೆಯುವಾಗ ಹೋಗಿ, ಕೊನೆಯ ಬಸ್ಸಿಗೆ ಮನೆಗೆ ಬರುತ್ತಿದ್ದೆ. ವಾಕ್ಯ ಸಿಕ್ಕಿಕೊಂಡರೆ ಕಾಕ ಆಧಾರ್ ಕಾರ್ಡ್ ಜೆರಾಕ್ಸ್ ತೆಗೆಯುತ್ತಲೇ ಬಿಡಿಸಿ ಹೇಳುತ್ತಿದ್ದರು, ತಪ್ಪಿದರೆ ಬೈಯುತ್ತಿದ್ದರು; ದಿನಾ ಬರೆದಷ್ಟನ್ನು ಅವರೇ ಪ್ರಿಂಟ್ ತೆಗೆಯುತ್ತಿದ್ದರು. ಅವರ ಆಫೀಸು ಇಂಗ್ಲಿಷು ನನ್ನ ಡಿಕ್ಷನರಿಗಿಂತ ವೇಗ.

ಪಾಶ್ಚಾತ್ಯರ ಪುಸ್ತಕದಲ್ಲಿ ಮಾನವ ಹಕ್ಕೆಂದರೆ ಮುಖ್ಯವಾಗಿ ಸರ್ಕಾರ ನಿನ್ನನ್ನು ಏನು ಮಾಡಬಾರದು ಎಂಬುದು. ಚೀನಾದ ಕಡತದಲ್ಲಿ ಮೊದಲ ಹಕ್ಕು ಬದುಕಿ ಉಳಿಯುವುದು, ಆಮೇಲೆ ಅಭಿವೃದ್ಧಿ. ಅದನ್ನು ನಾನು ಹೊಟ್ಟೆಯಿಂದ ಓದಿದೆ. ಶಾಲೆಯ ಬಿಸಿಯೂಟವೇ ದಿನದ ಪೂರ್ತಿ ಊಟವಾಗಿದ್ದ ವರ್ಷಗಳು ನನಗೂ ಇದ್ದವು. ಆದರೆ ಸರ್ಕಾರಕ್ಕೆ ಎದುರು ಹೇಳುವ ಒಬ್ಬಂಟಿ ಮನುಷ್ಯನಿಗೆ ಆ ಹಾಳೆಗಳಲ್ಲಿ ಎಲ್ಲಿ ಜಾಗ ಎಂದು ಹುಡುಕಿದೆ, ನನಗೆ ಸಿಗಲಿಲ್ಲ. ಬಲಗಡೆಯ ಕಾಲಂ ಪೂರ್ತಿ ಅಳಿಸಿ ಅವರ ಮಾತಿನಲ್ಲೇ ಬರೆದೆ. ನನ್ನ ತಕರಾರನ್ನು ಕೆಳಗೆ, ನನ್ನದೆಂದೇ ಬರೆದೆ. ಎಂಟನೆಯ ದಿನ ಒಪ್ಪಿಸಿದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಸೀದಾ ಆ ಪುಟಕ್ಕೇ ಹೋದರು.

"ಚೀನಾದ ಪರ ಬರೆದಿದ್ದೀರಿ ಅಂತ ಕಾಣ್ತದೆ."

"ಪರ ಅಲ್ಲ ಸರ್. ಅವರು ಹೇಳಿದ್ದನ್ನು ಅವರು ಹೇಳಿದ ಹಾಗೆ ಬರೆದಿದ್ದೇನೆ. ನಾನು ಒಪ್ಪದ್ದು ಕೆಳಗೆ ಉಂಟು."

"ನಿಮ್ಮ ಪ್ರಕಾರ ಯಾವ ಹಕ್ಕು ಮೊದಲು?"

"ನನಗೆ ಅನ್ನ ಮೊದಲು ಬಂತು ಸರ್. ಆದ್ರೆ ಇಲ್ಲಿ ಕೂತು ನಿಮಗೆ ಎದುರು ಮಾತಾಡ್ಲಿಕ್ಕೆ ಅನ್ನ ಮಾತ್ರ ಸಾಕಾಗುದಿಲ್ಲ."

ಅವರು ಗೈಡ್ ಸರ್ ಕಡೆ ನೋಡಿ ನಕ್ಕರು. ಪುಟ ಮಗುಚಿದರು.

ಈಗ ನಾನು ಬಂಟ್ವಾಳದ ಹತ್ತಿರ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಬೋರ್ಡಿನಲ್ಲಿ ಎರಡು ಕಾಲಂ ಎಳೆದಾಗಲೆಲ್ಲ ಯಾವುದು ಯಾರ ಪುಸ್ತಕದಿಂದ ಬಂತೆಂದು ಮೊದಲು ಬರೆಯುತ್ತೇನೆ.

ಫಲಿತಾಂಶ ಬಂದ ದಿನ ಬೈಂಡ್ ಮಾಡಿದ ಒಂದು ಪ್ರತಿ ಹಿಡಿದು ಮೂಡುಬಿದಿರೆಯಿಂದ ವೇಣೂರಿನ ಮೇಲಾಗಿ ಮಡಂತ್ಯಾರಿಗೆ ಬಂದೆ. ಕೃತಜ್ಞತೆಯ ಪುಟದಲ್ಲಿ ಅಮ್ಮನ ನಂತರ, ಗೈಡ್ ಸರ್‌ಗಿಂತ ಮೊದಲು, ಕಾಕನ ಹೆಸರು ಹಾಕಿದ್ದೆ. ಆ ಪುಟ ತೆರೆದು ಅವರ ಮುಂದಿಟ್ಟೆ.

"ಪ್ರಿಂಟ್ ತೆಗೆಯುವಾಗಲೇ ನೋಡಿದ್ದೇನೆ" ಎಂದರು ಕಾಕ. "ನೀನು ಫೇಲಾಗಿದ್ರೆ ನನ್ನ ಮರ್ಯಾದೆಯೂ ಹೋಗ್ತಿತ್ತು. ಅದಕ್ಕೇ ಆ ವಾರ ನಿನಗೆ ಅಷ್ಟು ಬೈದದ್ದು."