ಸಮಾವರಿನ ಎದುರು ಮುಳ್ಳಿನ ವಿಚಾರಣೆ

ಧಣಿಗಳ ಕಾರು ಓಡಿಸುತ್ತಿದ್ದ ಎರಡು ವರ್ಷಗಳಲ್ಲಿ ನಾನು ಓಡಿಸಿದ್ದಕ್ಕಿಂತ ನೀರು ಹೊತ್ತದ್ದೇ ಹೆಚ್ಚು. ಐವತ್ತರ ದಶಕದ ಕೊನೆ. ಕಾಣಿಯೂರಿನಿಂದ ಪುತ್ತೂರಿಗೆ ಹೋಗಿ ಬರುವಷ್ಟರಲ್ಲಿ ಆ ವಿಲಾಯತಿ ಕಾರು ಕುಡಿಯುತ್ತಿದ್ದ ನೀರಿನಲ್ಲಿ ಒಂದು ಕಂಬಳ ನಡೆಸಬಹುದಿತ್ತು. ಪ್ರತಿ ಏರಿನಲ್ಲೂ ಬಿಸಿ ತೋರಿಸುವ ಮುಳ್ಳು ಕೊನೆಯ ಗೆರೆ ಮುಟ್ಟುತ್ತಿತ್ತು. ನಾನು ಇಳಿದು ತೋಡಿಗೆ ಹೋಗಿ, ತಲೆಯ ಮೇಲಿದ್ದ ಅಡಕೆ ಹಾಳೆಯ ಮುಟ್ಟಾಳೆಯನ್ನು ಮಗುಚಿ ಅದರಲ್ಲಿ ನೀರು ತಂದು ರೇಡಿಯೇಟರಿಗೆ ಹೊಯ್ಯುತ್ತಿದ್ದೆ. ಏಳೆಂಟು ಸಲ ಹತ್ತಿ ಇಳಿದ ಮೇಲೆ ಎಂಜಿನ್ ತಣ್ಣಗಾಗುತ್ತಿತ್ತು, ನಾನು ಕುದಿಯುತ್ತಿದ್ದೆ.

ಧಣಿಗಳಿಗೆ ಸಿಟ್ಟು ಬಂದಾಗಲೆಲ್ಲ ನಾನು ಮುಳ್ಳನ್ನು ದೂರುತ್ತಿದ್ದೆ. ಗಾಜನ್ನು ಬೆರಳಿನಿಂದ ತಟ್ಟಿ, ಅದು ಅಲುಗಾಡುವುದನ್ನು ತೋರಿಸಿ, "ಇದಕ್ಕೆ ಜ್ವರ, ಎಂಜಿನಿಗಲ್ಲ" ಎನ್ನುತ್ತಿದ್ದೆ. ಬಾನೆಟ್ಟಿನಿಂದ ಹಬೆ ಏಳುತ್ತಿದ್ದರೂ, ಹಳೆ ಕಾರು ಸ್ವಲ್ಪ ಉಸಿರು ಬಿಡುತ್ತದೆ ಎಂದು ಡಾಕ್ಟರನ ಗತ್ತಿನಲ್ಲಿ ಹೇಳಿದವನು ನಾನು.

ಒಂದು ದಿನ ಮಧ್ಯಾಹ್ನ ಕಾಣಿಯೂರಿನ ಚಾದಂಗಡಿಯ ಎದುರೇ ಕಾರು ನಿಂತಿತು. ಧಣಿಗಳು ಇಳಿದು ಬೆಂಚಿನಲ್ಲಿ ಕೂತರು.

"ಒಂದೋ ಮುಳ್ಳು ಸುಳ್ಳು ಹೇಳುದು, ಇಲ್ಲದಿದ್ರೆ ನೀನು. ಇವತ್ತು ಗೊತ್ತಾಗ್ಬೇಕು. ಮುಳ್ಳು ಸರಿ ಉಂಟು ಅಂತಾದ್ರೆ ನೀನು ಸ್ಟೇರಿಂಗ್ ಬಿಡು."

ಪರೀಕ್ಷೆಯ ಉಪಾಯ ನನ್ನದೇ. ಎಂಜಿನಿನೊಳಗೆ ಬಿಸಿ ಹಿಡಿಯುವ ಹಿತ್ತಾಳೆಯ ಬಲ್ಬು, ಅದರಿಂದ ಮುಳ್ಳಿರುವ ಗೇಜಿನವರೆಗೆ ಕೂದಲಿನಂಥ ತಾಮ್ರದ ನಳಿಗೆ. ಮೂರನ್ನೂ ಒಟ್ಟಿಗೆ ಬಿಚ್ಚಿ ಬಲ್ಬನ್ನು ಕುದಿಯುವ ನೀರಿಗೆ ಇಳಿಸಿದರೆ, ಸರಿಯಿರುವ ಮುಳ್ಳು ಕುದಿಯುವ ಗೆರೆಗೆ ಬರಬೇಕು. ಬಿಚ್ಚುವ ಮೊದಲು ನೀರು ಖಾಲಿ ಮಾಡಲು ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದೆ. ಕೆಂಪು ಹನಿ ನಾಲ್ಕು ಬಿದ್ದು ನಿಂತಿತು. "ನಲ್ಲಿ ಕೂಡ ಹಾಳು" ಎಂದೆ. ಒಂದು ಆರೋಪಿ ಇದ್ದಲ್ಲಿ ಎರಡಾದವು.

ಕುದಿಯುವ ನೀರಿದ್ದದ್ದು ಅಂಗಡಿಯ ಸಮಾವರಿನಲ್ಲಿ. ಅಂಗಡಿಯ ಬ್ಯಾರಿ ಕಾಕ ಮುಚ್ಚಳದ ಮೇಲೆ ಕೈಯಿಟ್ಟು ನಿಂತರು.

"ಅದರಲ್ಲಿ ಚಾ ಮಾಡುದು ಮಾರಾಯ."

"ಬಲ್ಬು ತೊಳ್ದಿದ್ದೇನೆ ಕಾಕ."

"ಕೈ ತೊಳ್ದಿದ್ದಿಯಾ?"

ಧಣಿಗಳು ತಲೆಯಾಡಿಸಿದ ಮೇಲೆ ಮುಚ್ಚಳ ತೆರೆಯಿತು. ನಳಿಗೆ ಮಡಚದಂತೆ, ಹಾವು ಹಿಡಿದವನ ಹಾಗೆ ಎರಡೂ ಕೈ ಚಾಚಿ ಬಲ್ಬು ಇಳಿಸಿದೆ. ಚಾ ಕುಡಿಯಲು ಬಂದವರು ಗೇಜಿನ ಮೇಲೆ ಬಗ್ಗಿದರು. ಮುಳ್ಳು ಮೆಲ್ಲನೆ ಎದ್ದು, ಒಂದು ಕೂದಲೂ ಆಚೀಚೆಯಾಗದೆ, ಕುದಿಯುವ ಗೆರೆಯಲ್ಲಿ ನಿಂತಿತು. ಗಾಜನ್ನು ತಟ್ಟಿದೆ. ಅಲುಗಾಡಲಿಲ್ಲ.

"ನೀರು ಎಂತದ್ರಲ್ಲಿ ಹೊಯ್ಯುದು ಇವ?" ಎಂದು ಕಾಕ ಕೇಳಿದರು.

"ತೋಡಿಂದು. ಮುಟ್ಟಾಳೆಯಲ್ಲಿ" ಎಂದರು ಧಣಿಗಳು.

"ಸೋಸದೆಯಾ? ನಾವು ಚಾ ಆದ್ರೂ ಸೋಸ್ತೇವೆ."

ಧಣಿಗಳು ಒಂದು ಕಬ್ಬಿಣದ ಸರಿಗೆ ತಂದು ನಲ್ಲಿಯೊಳಗೆ ತಿವಿದರು. ಎರಡು ವರ್ಷದ ಕೆಸರು ಮೊಸರಿನ ಹಾಗೆ ಇಳಿಯಿತು, ಜೊತೆಗೆ ಕೊಳೆತ ಎಲೆ. ಇಡೀ ಏಡಿಯೇ ಹೊರಬಂತೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿಜಕ್ಕೂ ಬಂದದ್ದು ಒಂದು ಕಾಲು ಮಾತ್ರ.

"ಬೀಗದ ಕೈ" ಎಂದು ಧಣಿಗಳು ಅಂಗೈ ಚಾಚಿದರು.

ಕೊಟ್ಟೆ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದೆ, ಕಾಕ ಕೊಟ್ಟ ಬಾವಿಯ ನೀರು ತುಂಬಿಸಿದೆ. ಧಣಿಗಳು ಸ್ಟೇರಿಂಗಿನ ಹಿಂದೆ ಕೂತು ಪಕ್ಕದ ಬಾಗಿಲು ತೆರೆದರು. "ಹತ್ತು. ನೀರು ಹೊಯ್ಲಿಕ್ಕೆ ಜನ ಬೇಕು."

ಅವಮಾನ ಆಗಬೇಕಿತ್ತು. ಏನಾದರೂ ತಮಾಷೆ ಹೇಳಬೇಕೆಂದು ಬಾಯಿ ತೆರೆದೆ, ಆಕಳಿಕೆ ಬಂತು. ಸೀಟಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದೆ.