ಅತ್ತೆಯ ತೋಳಿಗೊಂದು ಕಿಟಕಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟೇಪಕ್ಕ ಎಂದೇ ಕರೆಯುವುದು. ಅಳತೆಯ ಟೇಪು ಹದಿನೆಂಟು ವರ್ಷಗಳಿಂದ ಅವಳ ಕುತ್ತಿಗೆಯಲ್ಲೇ ಇದೆ. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾಳೋ ಇಲ್ಲವೋ ಎಂದು ಮೂಲೆ ಅಂಗಡಿಯವನಿಗೆ ಇಂದಿಗೂ ಅನುಮಾನ. ಎರಡನೇ ಮಹಡಿಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಬೀದಿ ಕಾಣುವ ಕಿಟಕಿಯ ಪಕ್ಕ ಮಿಷನ್ನು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅರೆಬರೆ ಬಟ್ಟೆಗಳು, ಮೇಜಿನ ಮೇಲೆ ಒಂದು ದಪ್ಪ ಅಳತೆ ಪುಸ್ತಕ. ಬೀದಿಯ ಹೆಂಗಸರಲ್ಲಿ ಯಾರು ಊದಿದರು, ಯಾರು ಇಳಿದರು, ಯಾರು ಊದಿಯೂ ಇಳಿದಿದ್ದೇನೆ ಎಂದು ವಾದಿಸಿದರು ಎಂಬುದೆಲ್ಲ ಅದರಲ್ಲಿದೆ. ಟೇಪಕ್ಕನ ಬಾಯಿಂದ ಒಂದು ಅಂಕಿಯೂ ಹೊರಬಿದ್ದಿಲ್ಲ. ಬಟ್ಟೆ ಕೊಡುವುದು ಎಷ್ಟು ತಡವಾದರೂ ಗಿರಾಕಿಗಳು ಅವಳನ್ನು ಬಿಡದಿರುವುದು ಅದಕ್ಕೇ.

ಆ ಪುಸ್ತಕದಲ್ಲಿ ಒಂದೇ ಒಂದು ಜಾಗ ಖಾಲಿ. ಅದು ಅವಳ ಸ್ವಂತ ಅತ್ತೆಯ ಪುಟದಲ್ಲಿ, ತೋಳಿನ ಸುತ್ತಳತೆ ಬರೆಯುವ ಕಡೆ. ಸೊಂಟಕ್ಕೆ, ಬೆನ್ನಿಗೆ ಟೇಪು ಹಿಡಿಯಲು ಬಿಡುವ ಅತ್ತೆ, ತೋಳಿನ ಹತ್ತಿರ ಬಂದರೆ ಸಾಕು, "ಹಳೇ ಬ್ಲೌಸ್ ಇದೆಯಲ್ಲ, ಅದನ್ನ ನೋಡ್ಕೊಂಡು ಹೊಲಿ" ಎಂದು ಎದ್ದುಬಿಡುವರು. ಬೇಸಿಗೆಯಿರಲಿ ಚಳಿಯಿರಲಿ, ಅವರ ಬ್ಲೌಸಿನ ತೋಳು ಮೊಣಕೈಯವರೆಗೆ, ಮೈಗಂಟಿದ ಹಾಗೆ ಇರಬೇಕು. ಹಳೇ ಕಾಲದವರ ಸಂಕೋಚ ಎಂದು ಟೇಪಕ್ಕ ಸುಮ್ಮನಿದ್ದಳು. ಸಂಕೋಚಕ್ಕೂ ತನ್ನ ಅತ್ತೆಗೂ ದೂರದ ನೆಂಟಸ್ತಿಕೆಯೂ ಇಲ್ಲ ಎಂಬುದು ಅವಳಿಗೆ ಆಗಲೇ ಹೊಳೆಯಬೇಕಿತ್ತು.

ಏಕೆಂದರೆ ಅತ್ತೆ ಬೀದಿಗೆಲ್ಲ ನ್ಯಾಯಾಧೀಶರು. ಯಾರ ಮನೆಯ ಜಗಳವಾದರೂ ಅವರ ಕಿಟಕಿಯ ಕೆಳಗೆ ಬಂದು ತೀರ್ಮಾನವಾಗಬೇಕು. ಒಮ್ಮೆ ಹತ್ತೊಂಬತ್ತು ವರ್ಷದ ಮೊಮ್ಮಗಳು, ಅಂದರೆ ಟೇಪಕ್ಕನ ಮಗಳು, ಮಣಿಕಟ್ಟಿನ ಮೇಲೆ ಉಗುರಿನಷ್ಟು ದೊಡ್ಡ ಹಕ್ಕಿಯ ಹಚ್ಚೆ ಹಾಕಿಸಿಕೊಂಡು ಬಂದಿದ್ದಳು. "ಮೈಮೇಲೆ ಗೀಚಿಸ್ಕೊಂಡು ಬಂದಿದ್ದೀಯಲ್ಲ, ನೀನೇನು ಶಾಲೆ ಗೋಡೆನಾ?" ಎಂದು ಕೇಳಿ ಅತ್ತೆ ಮೂರು ತಿಂಗಳು ಅವಳೊಂದಿಗೆ ಮಾತು ಬಿಟ್ಟರು. ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ಗೋಡೆಯನ್ನು ಕೇಳುತ್ತಿದ್ದರು. ಆದರೆ ಇದೇ ಅತ್ತೆ, ಸೊಸೆ ಮನೆಯಲ್ಲಿ ಕೂತು ಮಿಷನ್ ತುಳಿಯುವುದು ಬೇಡ ಎಂದು ಮನೆಯವರೆಲ್ಲ ಒಂದೇ ರಾಗ ಎಳೆದಾಗ, ಯಾರನ್ನೂ ಕೇಳದೆ ಗಾಡಿಯಲ್ಲಿ ಮಿಷನ್ ಹೇರಿಸಿ ತಂದು, ಎರಡು ಮಹಡಿ ಹತ್ತಿಸಿ, ಕಿಟಕಿಯ ಪಕ್ಕ ಇಡಿಸಿದವರು. ಟೇಪಕ್ಕನಿಗೆ ಅತ್ತೆಯೆಂದರೆ ಜೀವ. ಬಾಯಿಬಿಟ್ಟು ಹೇಳಿದವಳಲ್ಲ ಅಷ್ಟೇ.

ಹೀಗಿರುವಾಗ ರೋಗ ಬಂತು. ಮೊದಲು ಪತ್ರಿಕೆಯಲ್ಲಿ ಬಂತು, ಆಮೇಲೆ ದೂರದ ಊರುಗಳಲ್ಲಿ, ಆಮೇಲೆ ಪಕ್ಕದ ಬೀದಿಗೇ ಬಂತು. ಮೂಲೆ ಅಂಗಡಿಯವನು ನೆಲದ ಮೇಲೆ ಸುಣ್ಣದಲ್ಲಿ ವೃತ್ತ ಬರೆದ. ಗಿರಾಕಿಗಳು ಅದರೊಳಗೆ ನಿಂತು ಸಕ್ಕರೆಗೂ ಸೋಪಿಗೂ ಕಾಯಬೇಕು. ಟೇಪಕ್ಕ ಉಳಿದ ಅಸ್ತರಿನ ತುಂಡುಗಳಿಂದ ಇಡೀ ಬೀದಿಗೆ ಮಾಸ್ಕ್ ಹೊಲಿದು ಹಂಚಿದಳು. ಹೀಗೆ ಒಬ್ಬರ ಬ್ಲೌಸಿನ ಅಸ್ತರು ಇನ್ನೊಬ್ಬರ ಮೂಗಿನ ಮೇಲೆ ಬಂದು ಕೂತಿತು. ಅಂಗಡಿಯವನಂತೂ ಕೊನೆಯವರೆಗೂ ಗುಲಾಬಿ ಬಣ್ಣದಲ್ಲೇ ವ್ಯಾಪಾರ ಮಾಡಿದ.

ಒಂದು ವರ್ಷ ಕಳೆದು ಲಸಿಕೆ ಬಂದಾಗ ಬೀದಿ ಎರಡಾಯಿತು. ಶಾಲೆಯ ಹಾಲ್‌ನಲ್ಲಿ ಮೂರು ದಿನ ಶಿಬಿರ, ಆಮೇಲೆ ನರ್ಸು ಬೇರೆ ಬಡಾವಣೆಗೆ ಹೋಗುತ್ತಾಳೆ, ಮತ್ತೆ ಔಷಧ ಯಾವಾಗ ಬರುವುದೋ ಗೊತ್ತಿಲ್ಲ ಎಂದು ಸುದ್ದಿ. ಅಂಗಡಿಯವನು ಲಸಿಕೆಯ ಪಕ್ಷ. ಎದುರಿನ ಗ್ಯಾರೇಜಿನ ಮೆಕ್ಯಾನಿಕ್ ವಿರೋಧ ಪಕ್ಷ. ಚುಚ್ಚಿಸಿಕೊಂಡವರ ಮೈಗೆ ಕಬ್ಬಿಣ ಅಂಟುತ್ತದಂತೆ ಎಂದು ಅವನ ವಾದ.

"ಹಾಗಾದ್ರೆ ನಿನಗೇ ಒಳ್ಳೇದಲ್ವಾ? ಸ್ಪ್ಯಾನರ್ ಹುಡುಕೋ ಕೆಲಸ ತಪ್ಪುತ್ತೆ" ಎಂದ ಅಂಗಡಿಯವನು.

ವೃತ್ತಗಳಲ್ಲಿ ನಿಂತವರು ನಕ್ಕರು. ಆದರೆ ತೀರ್ಪು ಹೊರಬೀಳಬೇಕಾದದ್ದು ಎರಡನೇ ಮಹಡಿಯಿಂದ. ಎಲ್ಲರೂ ತಲೆಯೆತ್ತಿ ನೋಡಿದರು.

"ಒಂದು ಬ್ಲೌಸ್ ಹೊಲಿಯೋಕೆ ನನ್ನ ಸೊಸೆ ಒಂದೂವರೆ ತಿಂಗಳು ತಗೋತಾಳೆ" ಎಂದರು ಅತ್ತೆ ಕಿಟಕಿಯಿಂದ. "ಇಡೀ ಲೋಕಕ್ಕೆ ಆಗೋವಷ್ಟು ಔಷಧನ ಒಂದು ವರ್ಷದಲ್ಲಿ ಮಾಡಿ ಮುಗಿಸಿದ್ರಂತೆ. ನಂಬೋ ಮಾತಾ ಇದು? ನಾನಂತೂ ಹೋಗಲ್ಲ."

ಅಲ್ಲಿಗೆ ಬೀದಿಯ ಇಪ್ಪತ್ತಮೂರು ಹೆಂಗಸರೂ ಹೋಗುವುದಿಲ್ಲ ಎಂದಾಯಿತು. ಅವರಿಗೆ ಬಾಯಿ ಇಲ್ಲವೆಂದಲ್ಲ. ಅತ್ತೆಗೆ ಎದುರಾಡುವ ಬಾಯಿ ಇಲ್ಲ.

ಆದರೆ ಅತ್ತೆಗೆ ಉಬ್ಬಸ. ಹೋದ ಚಳಿಗಾಲದಲ್ಲಿ ಮೂರು ದಿಂಬಿಗೆ ಒರಗಿ, ಕೂತೇ ನಿದ್ದೆ ಮಾಡಿದವರು. ಈ ರೋಗ ಇವರಿಗೆ ತಗುಲಿದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬಸ್ಸು ಓಡಿಸುವ ಮಗ, ಅಂದರೆ ಟೇಪಕ್ಕನ ಗಂಡ, ಬೇಡಿಕೊಂಡು ಸೋತ. ಶಿಬಿರದಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದ ಮೊಮ್ಮಗಳು ಅಂಕಿಅಂಶ ಹೇಳಿ ಸೋತಳು. ಅತ್ತೆ ಒಂದೊಂದು ಹೊತ್ತಿಗೆ ಒಂದೊಂದು ಕಾರಣ ಕೊಟ್ಟರು: ಬೆಳಿಗ್ಗೆ ಜ್ವರ ಬರುತ್ತೆ ಎಂದರು, ಮಧ್ಯಾಹ್ನ ಕಾಲು ನೋವು ಎಂದರು, ಸಂಜೆ ಆ ಹಾಲ್‌ನಲ್ಲಿ ಫ್ಯಾನ್ ಇಲ್ಲ ಎಂದರು.

ಮೊದಲ ದಿನ ಸಂಜೆ ನರ್ಸು ಪಟ್ಟಿ ಹಿಡಿದು ಮನೆಮನೆಗೆ ಬಂದಳು. ಟೇಪಕ್ಕನ ಬಾಗಿಲಲ್ಲೇ ನಿಂತು, "ಬರೋವಾಗ ತೋಳು ಸಲೀಸಾಗಿ ಮೇಲೆ ಏರೋ ಬಟ್ಟೆ ಹಾಕ್ಕೊಂಡು ಬನ್ನಿ, ಅಷ್ಟು ಸಾಕು" ಎಂದಳು.

ಆ ಕ್ಷಣ ಅತ್ತೆಯ ಎರಡು ಕೈಗಳೂ ಎದೆಯ ಮೇಲೆ ಅಡ್ಡ ಹಾಯ್ದು ಎರಡು ತೋಳುಗಳನ್ನೂ ಹಿಡಿದುಕೊಂಡವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಿಷನ್ ತುಳಿಯುತ್ತಿದ್ದ ಟೇಪಕ್ಕನ ಕಾಲು ತಾನಾಗಿ ನಿಂತಿತು. ಜ್ವರವೂ ಅಲ್ಲ, ಫ್ಯಾನೂ ಅಲ್ಲ. ಪುಸ್ತಕದ ಆ ಖಾಲಿ ಜಾಗವೇ ಇದಕ್ಕೆಲ್ಲ ಕಾರಣ ಎಂದು ಅವಳಿಗೆ ಗೊತ್ತಾಗಿಹೋಯಿತು.

ಮರುದಿನ ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಟೇಪಕ್ಕ ಅತ್ತೆಯ ಮುಂದೆ ಸ್ಟೂಲ್ ಎಳೆದುಕೊಂಡು ಕೂತಳು.

"ಅತ್ತೆ, ತೋಳಲ್ಲಿ ಏನಿದೆ? ಸುಟ್ಟ ಕಲೆನಾ?"

"ಏನೂ ಇಲ್ಲ."

"ಈ ಬೀದಿಯ ಎಷ್ಟು ಜನರ ಗುಟ್ಟು ನನ್ನ ಹತ್ರ ಇದೆ. ಒಂದಾದ್ರೂ ಈ ಬಾಗಿಲು ದಾಟಿದೆಯಾ ಹೇಳಿ." ಅಲ್ಲಿಗೆ ನಿಲ್ಲಿಸಬೇಕೆಂದಿದ್ದಳು, ಆದರೆ ಉಳಿದದ್ದೂ ಬಂದುಬಿಟ್ಟಿತು. "ನೀವಿಲ್ಲದ ಮನೇಲಿ ನನಗೆ ಇರೋಕೆ ಬರಲ್ಲ ಅತ್ತೆ. ಯಾರ ಜೊತೆ ಜಗಳ ಆಡ್ಲಿ?"

ಅತ್ತೆ ಒಮ್ಮೆ ಬೀದಿಯ ಕಡೆ ಬಗ್ಗಿ ನೋಡಿದರು. ಆಮೇಲೆ, "ಬಾಗಿಲು ಹಾಕು" ಎಂದರು.

ಬಾಗಿಲು ಹಾಕಿ ಬರುವಷ್ಟರಲ್ಲಿ ಎಡತೋಳು ಬ್ಲೌಸಿನಿಂದ ಹೊರಬಂದಿತ್ತು. ಅದರ ಮೇಲೆ ಅಂಗೈಯಗಲ ಒಂದು ಹಚ್ಚೆ, ಹಸಿರು ಮಾಸಿದ್ದು. ಟೇಪಕ್ಕನಿಗೆ ಎರಡು ಕೊಂಬು ಕಂಡವು, ಬಾಗಿದ ಬೆನ್ನು ಕಂಡಿತು.

"ಮೇಕೆನಾ ಅತ್ತೆ?"

"ಮೇಕೆ ನಿಮ್ಮಪ್ಪನ ಮನೇದು. ಮೋಟಾರ್ ಬೈಕ್ ಕಣೇ ಅದು. ಚರ್ಮ ಜೋತುಬಿದ್ದು ಹೀಗಾಗಿದೆ."

ಅತ್ತೆಗೆ ಹದಿನೇಳು ತುಂಬಿದ್ದಾಗ ಊರಿಗೊಂದು ಸರ್ಕಸ್ ಬಂದಿತ್ತಂತೆ. ಮರದ ಹಲಗೆಗಳ ದೊಡ್ಡ ಬಾವಿ, ಅದರ ಗೋಡೆಯ ಮೇಲೆ ಗಿರಗಿರನೆ ಸುತ್ತುವ ಬೈಕು. ಏಳು ದಿನ ಏಳು ಆಟ ನೋಡಿ, ಎಂಟನೆಯ ದಿನ ಟೆಂಟಿನ ಪಕ್ಕ ಕೂತಿದ್ದ ಹಚ್ಚೆಯವನ ಮುಂದೆ ಕೈ ಚಾಚಿದರಂತೆ. ಮದುವೆಯಾದ ಮೇಲೆ ಮಾವ ಅದನ್ನು ನೋಡಿ ಒಂದು ವಾರ ನಕ್ಕರು, ಆಮೇಲೆ ಗುಟ್ಟು ಕಾಪಾಡಿಕೊಂಡೇ ತೀರಿಕೊಂಡರು.

"ಓಡಿಸೋನ ಮೇಲೆ ಮನಸ್ಸಾಗಿತ್ತಾ?" ಎಂದು ಕೇಳಿದಳು ಟೇಪಕ್ಕ, ನಗು ತಡೆದುಕೊಂಡು.

"ಥೂ, ಅವನ ಮುಖ ಯಾರು ನೋಡಿದ್ರು? ನನಗೆ ಬೈಕ್ ಓಡಿಸ್ಬೇಕಿತ್ತು." ಅತ್ತೆ ಸೆರಗಿನಂಚು ಹುಡುಕಿದಂತೆ ಬೆರಳಾಡಿಸಿ, ದನಿ ಇಳಿಸಿದರು. "ಆ ಶಿಬಿರದಲ್ಲಿ ಹೆಸರು ಬರ್ಕೊಳ್ಳೋದು ಯಾರು? ಆ ಹುಡುಗಿ. ಒಂದು ಹಕ್ಕಿಗೆ ಮೂರು ತಿಂಗಳು ಮಾತು ಬಿಟ್ಟೆ. ಈಗ ಇದನ್ನ ತೋರಿಸ್ಲಾ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾಳೆ. ಸರಿಯಾಗೇ ಅಂತಾಳೆ."

"ಬಲತೋಳು ಕೊಟ್ರೆ ಆಯ್ತಲ್ಲ. ಯಾವ ತೋಳಾದ್ರೂ ನಡಿಯುತ್ತೆ."

ಅತ್ತೆ ತಟ್ಟನೆ ಬಲತೋಳನ್ನು ಮುಚ್ಚಿಕೊಂಡರು. "ಬಲತೋಳಿನ ಸುದ್ದಿ ಎತ್ತಬೇಡ."

"ಅಲ್ಲೂ ಏನಾದ್ರೂ..."

"ಎತ್ತಬೇಡ ಅಂದ್ನಲ್ಲ."

ಟೇಪಕ್ಕ ಎತ್ತಲಿಲ್ಲ. ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿ, ಕುತ್ತಿಗೆಯಿಂದ ಟೇಪು ತೆಗೆದಳು. ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಅದು ಅತ್ತೆಯ ಎಡತೋಳನ್ನು ಸುತ್ತಿತು: ಹನ್ನೊಂದೂಕಾಲು ಇಂಚು. ಹೆಗಲ ಮೂಳೆಯಿಂದ ಮೂರು ಬೆರಳು ಕೆಳಗೆ ಸೂಜಿ ಹಾಕುವ ಜಾಗ. ಬೈಕಿನ ಹ್ಯಾಂಡಲ್ಲು ಅಲ್ಲಿಂದ ಒಂದು ಇಂಚು ಕೆಳಗೆ. ಅಷ್ಟು ಸಾಕು. ಹೊಸ ಬ್ಲೌಸ್ ಕತ್ತರಿಸಿ, ಆ ಜಾಗಕ್ಕೆ ಸರಿಯಾಗಿ ಒಂದು ಪುಟ್ಟ ಕಿಟಕಿ ಬಿಟ್ಟಳು. ಮೇಲೊಂದು ಮುಚ್ಚಳ, ಮುಚ್ಚಳಕ್ಕೆ ಎರಡು ಟಿಚ್ ಬಟನ್. ತೆರೆದರೆ ಬರೀ ಚರ್ಮ ಕಾಣಬೇಕು. ಸೂಜಿ ಸಲೀಸಾಗಲೆಂದು ತೋಳನ್ನು ಸ್ವಲ್ಪ ಸಡಿಲವೂ ಬಿಟ್ಟಳು. ಒಂದೂವರೆ ತಿಂಗಳ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಅತ್ತೆ ಕನ್ನಡಿಯ ಮುಂದೆ ನಿಂತು ಕಿಟಕಿ ತೆರೆದರು, ಮುಚ್ಚಿದರು, ತೆರೆದರು.

"ಇಷ್ಟು ಬೇಗ ಹೊಲಿಯೋಕೆ ಬರುತ್ತೆ ಅಂದ್ಮೇಲೆ ಇಷ್ಟು ವರ್ಷ ಯಾಕೆ ಸತಾಯಿಸ್ದೆ?" ಎಂದರು.

ಮೂರನೆಯ ದಿನ ಅತ್ತೆ ಬೀದಿಗಿಳಿದಾಗ ಅಂಗಡಿಯವನ ಗುಲಾಬಿ ಮಾಸ್ಕ್ ಮೂಗಿನಿಂದ ಜಾರಿತು. ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ಹೊರಟರು, ಹಾಕಿಸಿಕೊಳ್ಳುವುದಕ್ಕಲ್ಲ, ಸುಮ್ಮನೆ ನೋಡುವುದಕ್ಕೆ. ಮೆಕ್ಯಾನಿಕ್ಕೂ ಬಂದ, ಕಿಸೆಯಲ್ಲಿ ಒಂದು ಸ್ಪ್ಯಾನರ್ ಇಟ್ಟುಕೊಂಡು. ಹಾಲ್‌ನ ಬಾಗಿಲಲ್ಲಿ ಮೊಮ್ಮಗಳು ಅಜ್ಜಿಯ ಹೆಸರು ಬರೆದುಕೊಂಡಳು. 

ಅತ್ತೆ ಕುರ್ಚಿಯಲ್ಲಿ ಕೂತರು. "ತೋಳು ಮೇಲೆ ಎತ್ತೋದೇನೂ ಬೇಡಮ್ಮ, ಕಿಟಕಿ ಇದೆ" ಎಂದು ನರ್ಸಿಗೆ ಗತ್ತಿನಿಂದ ಹೇಳಿದರು.

"ಕೈ ಸಡಿಲ ಬಿಡಿ ಅಜ್ಜಿ" ಎಂದಳು ನರ್ಸು. ಅತ್ತೆ ಸಡಿಲ ಬಿಟ್ಟರು. ಹೆಗಲು ಇಳಿಯಿತು, ಬ್ಲೌಸಿನ ತೋಳು ಜಾರಿತು, ಕಿಟಕಿ ಸೀದಾ ಬೈಕಿನ ಹ್ಯಾಂಡಲ್ಲಿನ ಮೇಲೆ ಬಂದು ನಿಂತಿತು. ಗೋಡೆಯ ಪಕ್ಕ ನಿಂತಿದ್ದ ಟೇಪಕ್ಕನಿಗೆ ಆಗ ನೆನಪಾಯಿತು. ಅಳತೆ ತೆಗೆದದ್ದು ಅತ್ತೆ ನಿಂತಿದ್ದಾಗ. ಸೂಜಿ ಹಾಕಿಸಿಕೊಳ್ಳುವವರು ಕೂರುತ್ತಾರೆ. ಹೊಲಿಗೆ ಕಲಿಯುವವರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ ಅದು. ಓಡಿಹೋಗಿ ತಡೆಯುವಷ್ಟರಲ್ಲಿ ನರ್ಸು ಟಿಚ್ ಬಟನ್ ತೆಗೆದಾಗಿತ್ತು.

"ಇದೇನಜ್ಜಿ, ಮೇಕೆ?" ಎಂದಳು ನರ್ಸು.

ಅತ್ತೆ ಸುಮ್ಮನಿರಬಹುದಿತ್ತು. ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾನ ಹೋದರೂ ಸರಿ, ಬೈಕನ್ನು ಮೇಕೆ ಎನ್ನಿಸಿಕೊಳ್ಳಲು ಅವರು ತಯಾರಿರಲಿಲ್ಲ.

"ಎರಡು ದಿನದಲ್ಲಿ ಎರಡನೇ ಸಲ ಕೇಳ್ತಿದ್ದೀನಿ" ಎಂದರು, ಹಾಲ್‌ನ ಕೊನೆಯವರೆಗೂ ಕೇಳುವಂತೆ. "ಮೇಕೆಯಲ್ಲ. ಮೋಟಾರ್ ಬೈಕ್."

ಎಲ್ಲರೂ ಕತ್ತು ಚಾಚಿದರು. ಮೆಕ್ಯಾನಿಕ್ ಹತ್ತಿರ ಬಂದು ಬಗ್ಗಿ ಹ್ಯಾಂಡಲ್ಲು ನೋಡಿದ. "ಹೌದು. ಹಳೇ ಮಾಡೆಲ್. ಈಗ ಇದರ ಸೈಲೆನ್ಸರ್ ಎಲ್ಲೂ ಸಿಗಲ್ಲ" ಎಂದು ಭಕ್ತಿಯಿಂದ ಹೇಳಿದ.

ಮೊಮ್ಮಗಳು ಪೆನ್ನು ಕೆಳಗಿಟ್ಟು ಬಂದಳು. ಅತ್ತೆ ಕಣ್ಣು ತಪ್ಪಿಸಿದರು. ಮೊಮ್ಮಗಳು ತನ್ನ ಮಣಿಕಟ್ಟನ್ನು ಆ ಕಿಟಕಿಯ ಪಕ್ಕಕ್ಕೆ ಹಿಡಿದಳು. ಹಕ್ಕಿಯೂ ಬೈಕೂ ಅಕ್ಕಪಕ್ಕ ನಿಂತವು.

"ಮೂರು ತಿಂಗಳು ಅಜ್ಜಿ" ಎಂದಳು.

"ಏನು ಮೂರು ತಿಂಗಳು?"

"ಇನ್ನು ನಾನು ನಿನ್ನ ಜೊತೆ ಮಾತು ಬಿಡ್ಬೇಕು. ಉಪ್ಪು ಬೇಕಾದ್ರೆ ಗೋಡೆನ ಕೇಳು." ಎಂದವಳು ಅಷ್ಟರಲ್ಲೇ ನಗು ತಡೆಯಲಾರದೆ ಅಜ್ಜಿಯ ಹೆಗಲಿಗೆ ಹಣೆ ಆನಿಸಿದಳು. ಅತ್ತೆಯೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

"ಸರಿ ಸರಿ, ಚುಚ್ಚು ತಾಯಿ, ಎಷ್ಟು ಹೊತ್ತು ಕಾಯಿಸ್ತೀಯ?" ಎಂದರು ನರ್ಸಿಗೆ.

"ಆಗ್ಲೇ ಆಯ್ತಜ್ಜಿ."

ಅಂದು ಸಂಜೆಯೊಳಗೆ ಇಪ್ಪತ್ತಮೂರು ಹೆಂಗಸರಲ್ಲಿ ಇಪ್ಪತ್ತೊಂದು ಮಂದಿ ಹಾಕಿಸಿಕೊಂಡರು. ಮೆಕ್ಯಾನಿಕ್ ಕೊನೆಯವನಾಗಿ ಹಾಕಿಸಿಕೊಂಡು, ಸ್ಪ್ಯಾನರನ್ನು ತೋಳಿಗೆ ಒತ್ತಿ ನೋಡಿದ. ಅದು ಅವನ ಕಾಲ ಮೇಲೆ ಬಿತ್ತು. ಎರಡನೇ ಡೋಸ್ ಮೂರು ತಿಂಗಳಿಗೆ, ಬೇಕಾದರೆ ಬಲತೋಳಿಗೂ ಹಾಕಬಹುದು ಎಂದು ನರ್ಸು ಚೀಟಿ ಬರೆದುಕೊಟ್ಟಳು. ಅತ್ತೆ ಅದನ್ನು ಮಡಚಿ ಭದ್ರವಾಗಿ ಪರ್ಸಿನೊಳಗಿಟ್ಟರು. ಒಂದು ಸೂಜಿಯೇ ಬೇಡ ಎಂದವರು ಎರಡನೆಯದಕ್ಕೆ ಚೀಟಿ ಜೋಪಾನ ಮಾಡುವುದನ್ನು ನೋಡಿ ಟೇಪಕ್ಕನ ಎದೆಯ ಮೇಲಿನ ಕಲ್ಲು ಇಳಿಯಿತು.

ಮನೆಯ ಮೆಟ್ಟಿಲು ಹತ್ತುವಾಗ ಅತ್ತೆ ಸೊಸೆಯ ಕಿವಿ ಹಿಂಡಿದರು. "ಬೇಕಂತಲೇ ಸಡಿಲ ಬಿಟ್ಟೆ ಅಲ್ವಾ?"

"ಇಲ್ಲ ಅತ್ತೆ, ಮಿಷನ್ ಮೇಲಾಣೆ." ಅದು ನಿಜ, ಆದರೆ ಇಂದಿಗೂ ಯಾರೂ ನಂಬಿಲ್ಲ.

ಹಿಂದೆ ಬರುತ್ತಿದ್ದ ಮೊಮ್ಮಗಳು ಕೇಳಿದಳು: "ಬಲತೋಳಲ್ಲಿ ಏನಿದೆ ಅಜ್ಜಿ?"

ಅತ್ತೆ ಒಂದು ಮೆಟ್ಟಿಲ ಮೇಲೆ ನಿಂತು ಉಸಿರೆಳೆದುಕೊಂಡರು. "ಮೂರು ತಿಂಗಳು ತಡಿ, ನೀನೇ ನೋಡ್ತೀಯ" ಎಂದರು. "ಬೈಕು ತಾನಾಗೇ ಓಡುತ್ತೇನೇ? ಓಡಿಸೋರು ಬೇಡ್ವಾ?"