ಸೇಬಿನ ತೋಟದಿಂದ ವಾಪಸ್ ಬಂದ ದಾರಿ

ಟೆಕ್ಸಸ್‌ನಲ್ಲಿ ಸೇಬು ಬೆಳೆಯುತ್ತದೆ ಎಂದರೆ ನಮ್ಮ ಅತ್ತೆ ನಂಬಲಿಲ್ಲ. "ಈ ಬಿಸಿಲಲ್ಲಾ? ಹಪ್ಪಳ ಒಣಗಿಸಬಹುದು ಅಷ್ಟೇ" ಎಂದರು. ಮೈಸೂರಿನಿಂದ ಆರು ತಿಂಗಳಿಗೆಂದು ಮರ್ಫಿ ಎಂಬ ಊರಿನ ನಮ್ಮ ಮನೆಗೆ ಬಂದಿದ್ದರು. ಅವರಿಗೆ ತೋರಿಸಲೆಂದೇ ಸೆಪ್ಟೆಂಬರ್ ಕೊನೆಯ ಶನಿವಾರ, ಉತ್ತರಕ್ಕೆ ಎರಡು ಗಂಟೆ ದೂರದ ಸಣ್ಣ ತೋಟವೊಂದಕ್ಕೆ ಹೊರಟೆವು. ನನ್ನ ಗಂಡ ಡ್ರೈವ್ ಮಾಡುತ್ತಿದ್ದರು. ಹಿಂದೆ ಅತ್ತೆ ಮತ್ತು ನಮ್ಮ ಏಳು ವರ್ಷದ ಮಗಳು.

ನಾನು ಸ್ಟೀರಿಂಗ್ ಹಿಡಿಯುವುದನ್ನು ಬಿಟ್ಟು ಆಗಲೇ ವರ್ಷದ ಮೇಲಾಗಿತ್ತು. ಹೈವೇಯಲ್ಲಿ ಹಿಂದಿನಿಂದ ಒಂದು ಟ್ರಕ್ ಗುದ್ದಿ, ನಾನು ಓಡಿಸುತ್ತಿದ್ದ ಕಾರು ಒಂದು ಸುತ್ತು ತಿರುಗಿ ನಿಂತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದು ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಆಮೇಲೆ ಕೀ ಕೈಗೆತ್ತಿಕೊಂಡರೆ ಸಾಕು, ಅಂಗೈ ಬೆವರುತ್ತಿತ್ತು. ಆಫೀಸಿಗೆ ಗಂಡನೇ ಬಿಡುತ್ತಿದ್ದರು, ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಪಕ್ಕದ ಮನೆಯ ಆಂಟಿ. ಯಾರೂ ಏನೂ ಅನ್ನುತ್ತಿರಲಿಲ್ಲ. ನನಗೆ ಹೆಚ್ಚು ಚುಚ್ಚುತ್ತಿದ್ದುದು ಅದೇ.

ತೋಟದ ಒಡತಿ ಎರಡು ಬುಟ್ಟಿ ಕೊಟ್ಟು, ಮುಂದಿನ ಸಾಲುಗಳೆಲ್ಲ ಖಾಲಿ, ಹಿಂದೆ ಕೊಳದ ಹತ್ತಿರ ಹೋಗಿ ಎಂದರು. ಸೀರೆ, ಸ್ಪೋರ್ಟ್ಸ್ ಶೂನಲ್ಲಿ ಅತ್ತೆ ಎಲ್ಲರಿಗಿಂತ ಮುಂದೆ ನಡೆದರು. ಹಣ್ಣುಗಳು ಚಿಕ್ಕವು, ಒಂದು ಕೆನ್ನೆ ಕೆಂಪು, ಇನ್ನೊಂದು ಹಸಿರು.

"ಅಜ್ಜಿ, ಟ್ವಿಸ್ಟ್ ಇಟ್, ಡೋಂಟ್ ಪುಲ್!" ಎಂದಳು ಮಗಳು.

"ಗೊತ್ತು ಹೋಗೇ, ಸೀಬೆಕಾಯಿ ಕಿತ್ತ ಕೈ ಇದು." ಅತ್ತೆ ಒಂದನ್ನು ಸೆರಗಿನಲ್ಲಿ ಒರೆಸಿ ಕಚ್ಚಿ, ಕಣ್ಣು ಕಿರಿದು ಮಾಡಿದರು. "ಉಪ್ಪು ಖಾರ ತರಬೇಕಿತ್ತು ಕಣೇ!"

ಮೇಲಿನ ಕೊಂಬೆಯ ಕೆಂಪು ಹಣ್ಣಿಗಾಗಿ ಗಂಡ ಏಣಿ ಹತ್ತಿದರು. ಇಳಿಯುವಾಗ ಉದುರಿಬಿದ್ದ ಹಣ್ಣಿನ ಮೇಲೆ ಕಾಲಿಟ್ಟು ಬಲಗಾಲು ಉಳುಕಿತು. ಒಡತಿ ಐಸ್ ತರುವಷ್ಟರಲ್ಲಿ ಪಾದದ ಗಂಟು ಊದಿಕೊಂಡಿತ್ತು. ಆದರೂ ಕುಂಟಿಕೊಂಡು ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ನೋಡಿದರು. ಮುಖ ಬಿಳಿಚಿಕೊಂಡಿತು.

"ಯಾರಾದ್ರೂ ಫ್ರೆಂಡ್‌ಗೆ ಫೋನ್ ಮಾಡ್ತೀನಿ. ಬರೋಕೆ ಎರಡು ಗಂಟೆ ಆಗುತ್ತೆ" ಎಂದರು.

"ಬೇಡ, ನಾನು ಓಡಿಸ್ತೀನಿ" ಎಂದುಬಿಟ್ಟೆ.

"ಆಗುತ್ತಾ?"

"ಗೊತ್ತಿಲ್ಲ. ಹೈವೇ ಬೇಡ, ಹಳ್ಳಿ ರಸ್ತೆಯಲ್ಲಿ ಹೋಗೋಣ."

ಗಂಡ ಹಿಂದೆ ಕಾಲು ಚಾಚಿ ಕೂತರು. ಅತ್ತೆ ಬುಟ್ಟಿ ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕಕ್ಕೆ ಬಂದರು. "ಎಷ್ಟೊತ್ತಾದ್ರೂ ಆಗ್ಲಿ. ಮನೇಲಿ ನಮ್ಮನ್ನ ಯಾರೂ ಕಾಯ್ತಿಲ್ಲ" ಎಂದರು.

ಮೊದಲ ಹತ್ತು ಮೈಲಿ ಸ್ಟೀರಿಂಗ್ ಬಿಗಿಯಾಗಿ ಹಿಡಿದು ನಿಧಾನವಾಗಿ ಓಡಿಸಿದೆ. ಕನ್ನಡಿಯಲ್ಲಿ ಟ್ರಕ್ ಕಂಡ ಕೂಡಲೇ ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿದೆ. ಅದು ಹೋದ ಮೇಲೂ ಉಸಿರು ಹದಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಹೊರಡು ಎಂದು ಯಾರೂ ಅನ್ನಲಿಲ್ಲ. ಹಾಗೆ ನಾಲ್ಕು ಸಲ ನಿಲ್ಲಿಸಿದೆ. ಐದನೆಯ ಸಲ ಟ್ರಕ್ ಬಂದಾಗ ನಿಲ್ಲಿಸಲಿಲ್ಲ. ನನ್ನ ಪಾಡಿಗೆ ಹೋಗುತ್ತಿದ್ದೆ, ಟ್ರಕ್ಕೇ ಪಕ್ಕದಿಂದ ದಾಟಿ ಹೋಯಿತು.

"ಅಮ್ಮಾ, ಯು ಆರ್ ಡ್ರೈವಿಂಗ್!" ಹಿಂದಿನಿಂದ ಮಗಳು ಕೂಗಿದಳು, ಆಗಷ್ಟೇ ಗಮನಿಸಿದವಳಂತೆ. ನನಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

ಎರಡು ಗಂಟೆಯ ದಾರಿಗೆ ಮೂರೂವರೆ ಗಂಟೆ ಹಿಡಿಯಿತು. ಗಂಡನ ಕಾಲಿನ ಮೂಳೆ ಮುರಿದಿರಲಿಲ್ಲ, ಎರಡು ವಾರ ವಿಶ್ರಾಂತಿ ಸಾಕು ಎಂದರು ಡಾಕ್ಟರ್. ಆ ಎರಡು ವಾರ ಸ್ಕೂಲಿಗೆ, ಅಂಗಡಿಗೆ, ದೇವಸ್ಥಾನಕ್ಕೆ ಎಲ್ಲರನ್ನೂ ನಾನೇ ಕರೆದುಕೊಂಡು ಹೋದೆ. ಹುಳಿ ಸೇಬಿನಿಂದ ಅತ್ತೆ ಬೆಲ್ಲ ಹಾಕಿ ಗೊಜ್ಜು ಮಾಡಿದರು. ಮಗಳು ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದಳು. ಹೈವೇಗೆ ಮಾತ್ರ ಇನ್ನೂ ಸಮಯ ಬೇಕಾಯಿತು.

ಡಿಸೆಂಬರ್‌ನಲ್ಲಿ ಅತ್ತೆಯನ್ನು ಏರ್‌ಪೋರ್ಟಿಗೆ ಬಿಟ್ಟವಳು ನಾನೇ. ಹೈವೇ ಹತ್ತಿ ಐದು ನಿಮಿಷವೂ ಆಗಿರಲಿಲ್ಲ, ಪಕ್ಕದ ಸೀಟಿನಲ್ಲಿ ಅವರಿಗೆ ನಿದ್ದೆ ಹತ್ತಿತ್ತು.